ಕುರಿಯ ಮೆದುಳು, ನನ್ನ ಕಾಲು

ನನ್ನನ್ನು ಕಚ್ಚಿದ ನಾಯಿಗೆ ಹುಚ್ಚಿರಲಿಲ್ಲ. ಇದನ್ನು ಆವತ್ತೂ ಹೇಳಿದೆ, ಈವತ್ತೂ ಹೇಳುತ್ತೇನೆ. ಅದು ಮರಿ ಹಾಕಿದ ನಾಯಿ. ನಮ್ಮ ಹಿತ್ತಲಿನ ಹುಲ್ಲಿನ ಬಣವೆಯ ಸಂದಿಯಲ್ಲಿ ನಾಲ್ಕು ಮರಿ ಇಟ್ಟುಕೊಂಡಿತ್ತು. ಎಮ್ಮೆಗೆ ಹುಲ್ಲು ಹಿರಿಯಲು ಹೋದ ನಾನು ಗೊತ್ತಿಲ್ಲದೆ ಆ ಮರಿಗಳ ಮೇಲೇ ಕೈ ಹಾಕಿದೆ. ತಾಯಿ ಹಾರಿ ಬಂದು ಮೊಣಕೈ ಕೆಳಗೆ ಕಚ್ಚಿತು. ಯಾವ ತಾಯಿಯಾದರೂ ಮಾಡುವ ಕೆಲಸವನ್ನೇ ಅದು ಮಾಡಿತು.

ಆಗ ನನಗೆ ಇಪ್ಪತ್ತೆರಡು ವರ್ಷ. ಗಂಡನ ಮನೆ ಶಿರಾ ತಾಲ್ಲೂಕಿನಲ್ಲಿ, ಬರಗೂರಿಗೆ ಹತ್ತಿರದ ಒಂದು ಹಳ್ಳಿ. ತವರು ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿ. ಯುದ್ಧ ನಡೆಯುತ್ತಿದ್ದ ವರ್ಷಗಳು ಅವು. ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಕೆಮ್ಮುತ್ತಾ ಓಡುತ್ತಿದ್ದವು. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ. ಮನೆಯಲ್ಲಿ ಅತ್ತೆ, ನಮ್ಮ ಯಜಮಾನರು, ಅವರ ತಮ್ಮ ಅಂದರೆ ನನ್ನ ಮೈದುನ, ನಾನು, ಇನ್ನೂ ಎದೆಹಾಲು ಬಿಡದ ಒಂದೂವರೆ ವರ್ಷದ ನನ್ನ ಮಗಳು.

ಕಚ್ಚಿದ ಗಾಯಕ್ಕೆ ಅತ್ತೆ ಸುಣ್ಣ ಅರಿಶಿನ ಮೆತ್ತುವುದರೊಳಗೆ ಮೈದುನ ದೊಣ್ಣೆ ಹಿಡಿದು ಹೋಗಿಯಾಗಿತ್ತು. ನಮ್ಮ ಕಡೆ ಅದೊಂದು ಪದ್ಧತಿ. ನಾಯಿ ಕಚ್ಚಿತು ಅಂದರೆ ಮೊದಲು ಮಾಡುವ ಕೆಲಸ ನಾಯಿಯನ್ನು ಹೊಡೆದು ಹಾಕುವುದು. ಕಚ್ಚಿಸಿಕೊಂಡವರ ಕೈ ತೊಳೆಯುವುದು ಆಮೇಲೆ. "ಅದಕ್ಕೆ ಹುಚ್ಚಿಲ್ಲ ಕಣಪ್ಪ, ಮರಿ ಹಾಕೈತೆ, ಅದಕ್ಕೇ ಕಚ್ಚಿದ್ದು" ಅಂತ ನಾನು ಹಿತ್ತಲ ಬಾಗಿಲಲ್ಲಿ ನಿಂತು ಕೂಗಿದೆ. ಬೀದಿಯ ಗಂಡಸರೆಲ್ಲ ಸೇರಿದ್ದರು. ಸೊಸೆಯೊಬ್ಬಳ ಮಾತು ಯಾರ ಕಿವಿಗೆ ಬೀಳಬೇಕು? ಮೈದುನ ಹಣೆಯ ಬೆವರು ಒರೆಸಿಕೊಳ್ಳುತ್ತಾ ಬಂದು, "ಮುಗೀತು ಬುಡಿ ಅತ್ಗೆ, ಇನ್ನೇನು ಭಯ ಇಲ್ಲ" ಅಂದ. ಮರಿಗಳು ಎರಡು ದಿನ ಬಣವೆಯೊಳಗೆ ಕುಂಯ್‌ಗುಟ್ಟಿದವಂತೆ.

ಅವರ ಭಯಕ್ಕೆ ಕಾರಣವೇ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಹಿಂದಿನ ವರ್ಷ ನಮ್ಮೂರಲ್ಲೇ ಕುರಿ ಕಾಯುವವನೊಬ್ಬ ನಾಯಿ ಕಚ್ಚಿ ಎರಡು ತಿಂಗಳಿಗೆ, ನೀರಿನ ಚೆಂಬು ಕಂಡರೆ ಬೆದರಿ ಬಿದ್ದು, ನಾಲ್ಕು ದಿನ ನರಳಿ ಸತ್ತಿದ್ದ. ಅವನ ಕೂಗು ಊರಿಗೆಲ್ಲ ಕೇಳಿತ್ತು. ಹಾಗಾಗಿ ನಮ್ಮ ಯಜಮಾನರು ಮಾರನೆಯ ದಿನವೇ ನನ್ನನ್ನೂ ಮಗುವನ್ನೂ ಅತ್ತೆಯನ್ನೂ ಇದ್ದಿಲ ಬಸ್ಸಿಗೆ ಹತ್ತಿಸಿ ಶಿರಾದ ಆಸ್ಪತ್ರೆಗೆ ಕರೆತಂದರು.

ಡಾಕ್ಟರು ಮೈಸೂರಿನ ಕಡೆಯವರು, ಇನ್ನೂ ಮೂವತ್ತು ದಾಟಿರಲಿಲ್ಲ. ಗಾಯ ನೋಡಿ ಕೇಳಿದ ಮೊದಲ ಪ್ರಶ್ನೆ, "ನಾಯಿ ಎಲ್ಲಿದೆ?"

"ಹೊಡ್ದು ಹಾಕುದ್ವಿ ಸ್ವಾಮಿ. ನನ್ನ ತಮ್ಮನೇ ಹೊಡ್ದ" ಅಂದರು ಯಜಮಾನರು. ಆ ಮಾತಿನಲ್ಲಿ ಹೆಮ್ಮೆ ಇತ್ತು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಯಾಕ್ರೀ ಹೊಡೆದಿರಿ? ಹಗ್ಗ ಹಾಕಿ ಕಟ್ಟಿ, ಅನ್ನ ನೀರು ಕೊಟ್ಟು ಹತ್ತು ದಿನ ನೋಡಬೇಕಿತ್ತು. ಹತ್ತು ದಿನ ಬದುಕಿದ್ದರೆ ಅದಕ್ಕೆ ಹುಚ್ಚಿಲ್ಲ, ಈಕೆಗೆ ಭಯವೂ ಇಲ್ಲ. ಈಗ ಯಾರನ್ನ ಕೇಳೋಣ?"

ನಾನು ಮರಿಗಳ ವಿಷಯ ಹೇಳಿದೆ. ಅವರು ಗಮನವಿಟ್ಟು ಕೇಳಿದರು. ಆ ಎರಡು ದಿನದಲ್ಲಿ ನನ್ನ ಮಾತನ್ನು ಕೇಳಿದ ಮೊದಲ ಮನುಷ್ಯ ಅವರು. ಆದರೆ, "ನೀವು ಹೇಳೋದು ನಿಜ ಇರಬಹುದಮ್ಮ. ಇಲ್ಲದೆ ಹೋದರೆ? ಆ ರೋಗ ಬಂದ ಮೇಲೆ ಉಳಿದವರನ್ನ ನಾನು ಕಂಡಿಲ್ಲ. ಹದಿನಾಲ್ಕು ಸೂಜಿ ಹಾಕಲೇಬೇಕು" ಅಂದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ನನ್ನ ಸಿಟ್ಟು ಆ ಸೂಜಿಯ ಮೇಲಲ್ಲ, ಡಾಕ್ಟರ ಮೇಲಂತೂ ಅಲ್ಲವೇ ಅಲ್ಲ. ಇದನ್ನು ಓದಿ ಯಾರಾದರೂ ನಾಯಿ ಕಚ್ಚಿದರೆ ಸೂಜಿ ಬೇಡ ಅಂತ ಮನೆಯಲ್ಲಿ ಕೂತರೆ ಆ ಪಾಪ ನನಗೆ ಬೇಡ. ಕುರಿ ಕಾಯುವವನ ಕೂಗನ್ನು ನಾನೂ ಕೇಳಿದವಳೇ.

ಆಸ್ಪತ್ರೆಗೆ ನಾಲ್ಕು ಹೆಜ್ಜೆ ದೂರದ ಛತ್ರದಲ್ಲಿ ನಮಗೊಂದು ಕೋಣೆ ಸಿಕ್ಕಿತು. ಯಜಮಾನರು ಊರಿಗೆ ಹೋದರು. ದಿನಾ ಬೆಳಿಗ್ಗೆ ಹೋಗಿ ಹೊಟ್ಟೆಯ ಮೇಲೆ ಸೂಜಿ ಚುಚ್ಚಿಸಿಕೊಳ್ಳಬೇಕು, ಒಂದು ದಿನ ಹೊಕ್ಕುಳ ಬಲಕ್ಕೆ, ಒಂದು ದಿನ ಎಡಕ್ಕೆ. ದೊಡ್ಡ ಸೂಜಿ, ಮದ್ದು ಕಲಗಚ್ಚಿನ ಹಾಗೆ ಬೆಳ್ಳಗೆ ಮಂದ. ಹೋದ ಜಾಗ ಗಡ್ಡೆ ಕಟ್ಟಿಕೊಂಡು ಉರಿಯುತ್ತಿತ್ತು. ಚುಚ್ಚುತ್ತಿದ್ದವರು ಅಲ್ಲಿನ ಕಾಂಪೌಂಡರು, ಶಿರಾದವರೇ ಆದ ವಯಸ್ಸಾದ ಸಾಹೇಬರು. ಮಗು ಅತ್ತರೆ ಅದರ ಕೈಗೆ ಖಾಲಿ ಔಷಧದ ಡಬ್ಬಿ ಕೊಟ್ಟು ಸಮಾಧಾನ ಮಾಡುತ್ತಿದ್ದ ಒಳ್ಳೆಯ ಮನುಷ್ಯ.

ಐದನೆಯ ದಿನ ಯಜಮಾನರು ನಮ್ಮನ್ನು ನೋಡಲು ಬಂದಿದ್ದರು. ಸೂಜಿಗೆ ಮದ್ದು ಎಳೆಯುತ್ತಿದ್ದ ಸಾಹೇಬರನ್ನು ಅತ್ತೆ ಸುಮ್ಮನೆ ಮಾತಿಗೆ ಕೇಳಿದರು, "ಏನ್ ಸಾಯೇಬ್ರೇ, ಹಾಲಿದ್ದಂಗೈತಲ್ಲ, ಯಾವ್ ಗಿಡದ ರಸ ಇದು?"

"ಗಿಡದ್ದಲ್ಲಮ್ಮಾ" ಅಂದರು ಸಾಹೇಬರು. "ಕುರಿಗೆ ಆ ರೋಗ ಹಿಡ್ಸಿ, ಅದ್ರ ಭೇಜಾ ತೆಗ್ದು ಅರ್ದು, ವಿಷ ಸಾಯ್ಸಿ ಮಾಡ್ತಾರೆ. ಭೇಜಾ ಅಂದ್ರೆ ತಲೆ ಒಳಗಿನ ಮೆದುಳು. ಬಹಳ ಅಚ್ಛಾ ಮದ್ದು. ಫಿಕರ್ ಮಾಡ್ಬ್ಯಾಡಿ."

ಅವರು ಕೇಳಿದ್ದಕ್ಕೆ ಸತ್ಯ ಹೇಳಿದರು, ಅಷ್ಟೆ. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಂಗಳಕ್ಕೆ ಓಡಿದರು. ಈರುಳ್ಳಿ ಬೆಳ್ಳುಳ್ಳಿಯನ್ನೂ ಹಬ್ಬದ ದಿನ ಮನೆಯೊಳಗೆ ಬಿಟ್ಟುಕೊಳ್ಳದವರು ಅವರು. ಸೊಸೆಯ ಹೊಟ್ಟೆಗೆ ಐದು ದಿನದಿಂದ ಕುರಿಯ ಮೆದುಳು ಹೋಗುತ್ತಿದೆ ಅಂದರೆ ಅವರಿಗೆ ಹೇಗಾಗಿರಬೇಕು, ನನಗೆ ಅರ್ಥವಾಗುತ್ತದೆ. ಅರ್ಥವಾಗದೆ ಇರುವುದು ಆಮೇಲೆ ಅವರು ಮಾಡಿದ್ದು. ನನ್ನ ಮಡಿಲಲ್ಲಿ ಹಾಲು ಕುಡಿಯುತ್ತಿದ್ದ ಮಗುವನ್ನು ಬಾಯಿ ಬಿಡಿಸಿ ಎತ್ತಿಕೊಂಡರು.

"ಈ ಮೈ ಹಾಲು ನಮ್ ಮಗೀಗ್ ಬ್ಯಾಡ" ಅಂದರು. "ಅಯ್ಯನೋರ್ನ ಕೇಳಾಗಂಟ ನೀನು ಲಿಂಗಾನೂ ಮುಟ್ಬ್ಯಾಡ ಕಣಮ್ಮಿ. ಸಾಕು ನಡಿ, ಸೂಜಿ ಬುಟ್ಟು ಊರಿಗೋಗನ."

ಡಾಕ್ಟರು ಅಡ್ಡ ಬಂದರು. ಅರ್ಧಕ್ಕೆ ಬಿಟ್ಟರೆ ಹಾಕಿದ್ದೆಲ್ಲ ದಂಡ, ಆಮೇಲೆ ಏನಾದರೂ ಆದರೆ ತಾನು ಹೊಣೆಯಲ್ಲ ಅಂದರು. ನಾನು ಯಜಮಾನರ ಮುಖ ನೋಡಿದೆ. ಆ ಮನುಷ್ಯ ಒಂದು ಮಾತು ಆಡಿದ್ದರೆ ಸಾಕಿತ್ತು. ಸೂಜಿ ಹಾಕಿಸಿಕೋ ಅಂದಿದ್ದರೆ ಗಂಡ ಹೇಳಿದ ಅಂತ ಆಗುತ್ತಿತ್ತು. ಬೇಡ ಅಂದಿದ್ದರೆ ಜಗಳವನ್ನಾದರೂ ಆಡುತ್ತಿದ್ದೆ. ಅವರು ಗೋಡೆಯ ಮೇಲಿನ ಹಲ್ಲಿ ನೋಡುತ್ತಾ, "ನಿನ್ನಿಷ್ಟ" ಅಂದರು.

ನನ್ನ ಇಷ್ಟ ಬದುಕುವುದು. ಮಗಳು ದೊಡ್ಡವಳಾಗುವುದನ್ನು ನೋಡುವುದು. "ಹಾಕಿಸ್ಕೊತೀನಿ" ಅಂದೆ. ಅತ್ತೆ ಮಧ್ಯಾಹ್ನದ ಬಸ್ಸಿಗೆ ಮಗುವನ್ನು ಎತ್ತಿಕೊಂಡು ಹೊರಟೇಬಿಟ್ಟರು. ಬಸ್ಸಿನ ಕಿಟಕಿಯಿಂದ ಮಗು ಎರಡೂ ಕೈ ಚಾಚಿ ಅಳುತ್ತಿತ್ತು. ಯಜಮಾನರು ನನ್ನ ಜೊತೆ ಛತ್ರದಲ್ಲಿ ಉಳಿದರು. ಅಷ್ಟು ಮಾಡಿದರು ಅಂತ ಒಪ್ಪಿಕೊಳ್ಳುತ್ತೇನೆ. ಎದೆ ಹಾಲು ಕಟ್ಟಿಕೊಂಡು ಕಲ್ಲಾಯಿತು. ಕೆಳಗೆ ಸೂಜಿಯ ಗಡ್ಡೆ, ಮೇಲೆ ಹಾಲಿನ ಗಡ್ಡೆ. ಹಾಲನ್ನು ಛತ್ರದ ಬಚ್ಚಲಿನಲ್ಲಿ ಹಿಂಡಿ ಚೆಲ್ಲಿದೆ. ಆದರೆ ಬೆಳಿಗ್ಗೆ ಎದ್ದು ಮಿಂದು, ವಿಭೂತಿ ಧರಿಸಿ, ಲಿಂಗವನ್ನು ಅಂಗೈ ಮೇಲಿಟ್ಟುಕೊಂಡು ಪೂಜೆ ಮಾಡುವುದನ್ನು ಒಂದು ದಿನವೂ ಬಿಡಲಿಲ್ಲ. ಮುಟ್ಟಬೇಡ ಅನ್ನಲು ಅವರು ಯಾರು?

ಹನ್ನೊಂದನೆಯ ಸೂಜಿ ಹಾಕಿಸಿಕೊಂಡ ದಿನ ಜ್ವರ ಬಂತು. ನಡುಬೆನ್ನಿನಲ್ಲಿ ಯಾರೋ ಒನಕೆ ಒತ್ತಿದ ಹಾಗೆ ನೋವು. ಮಾರನೆಯ ಬೆಳಿಗ್ಗೆ ಎದ್ದಾಗ ಎರಡೂ ಪಾದ ಜೋಮು ಹಿಡಿದಂತಿದ್ದವು. ಕೂತು ಕೂತು ಹೀಗಾಗಿದೆ ಅಂದುಕೊಂಡು ಉಜ್ಜಿದೆ. ಬಾಗಿಲ ತನಕ ಗೋಡೆ ಹಿಡಿದು ಹೋದೆ. ಮೆಟ್ಟಿಲು ಇಳಿಯಲು ಕಾಲು ಮುಂದಿಟ್ಟರೆ ಕಾಲು ಬರಲಿಲ್ಲ. ಬಿದ್ದೆ. ಬಿದ್ದದ್ದಕ್ಕೆ ಮೊಣಕಾಲು ತರಚಿ ರಕ್ತ ಬಂದರೂ ನೋಯಲಿಲ್ಲ. ನನಗೆ ಭಯವಾದದ್ದು ಆಗ.

ಯಜಮಾನರು ಬಂದು ಅತ್ತಿತ್ತ ನೋಡಿದರು. "ಏಳು, ಜನ ನೋಡ್ತಾವ್ರೆ."

"ಕಾಲು ಬರ್ತಿಲ್ಲ."

"ಅವ್ವ ಮಗೀನ ಕರ್ಕೊಂಡೋದ್ಲು ಅಂತ ಇಂಗೆ ಹಠ ಹಿಡುದ್ರೆ ಹೆಂಗೆ? ಏಳು."

ಆ ಮಾತು ನೆನೆಸಿಕೊಂಡರೆ ಈಗಲೂ ನನಗೆ ಮೈ ಉರಿಯುತ್ತದೆ. ಹೆಂಗಸಿಗೆ ಕಾಲು ಬಿದ್ದರೆ ಹಠ, ಜ್ವರ ಬಂದರೆ ಸೋಗು, ಸತ್ತರೆ ಮಾತ್ರ ಅಯ್ಯೋ ಪಾಪ. ನಾನು ಅವತ್ತು ಇಡೀ ಬೆಳಿಗ್ಗೆ ಛತ್ರದ ಮೆಟ್ಟಿಲ ಮೇಲೆ ಬಿದ್ದಿದ್ದೆ. ಉಚ್ಚೆ ಕಟ್ಟಿಕೊಂಡು ಕಿಬ್ಬೊಟ್ಟೆ ಊದಿತ್ತು. ಕೊನೆಗೆ ಸೂಜಿಯ ಹೊತ್ತು ಮೀರಿದರೂ ನಾನು ಬಾರದ್ದನ್ನು ಕಂಡು ಸಾಹೇಬರೇ ಹುಡುಕಿಕೊಂಡು ಬಂದರು. ನನ್ನ ಮುಖ ನೋಡಿದವರೇ ಡಾಕ್ಟರನ್ನು ಕರೆದುಕೊಂಡು ಬರಲು ಓಡಿದರು.

ಡಾಕ್ಟರು ಬೀಗದ ಕೈಯಿಂದ ಅಂಗಾಲು ಗೀರಿದರು. ಗುಂಡುಸೂಜಿ ಹಿಡಿದು ಪಾದದಿಂದ ಮೇಲಕ್ಕೆ ಚುಚ್ಚುತ್ತಾ ಬಂದು, "ಗೊತ್ತಾದಾಗ ಹೇಳಿ" ಅಂದರು. ನಾನು ಕಣ್ಣು ಮುಚ್ಚಿ ಕಾಯುತ್ತಿದ್ದೆ. "ಈಗ" ಅಂತ ಹೇಳಿದಾಗ ಸೂಜಿ ಹೊಕ್ಕುಳ ಹತ್ತಿರ ಇತ್ತು. ಕಣ್ಣು ಬಿಟ್ಟೆ. ಡಾಕ್ಟರ ಮುಖ ಬಿಳಿಚಿಕೊಂಡಿತ್ತು. "ಇನ್ನು ಮದ್ದು ಬೇಡ. ಇಲ್ಲಿಗೇ ನಿಲ್ಲಿಸೋಣ" ಅಂತ ಸಾಹೇಬರಿಗೆ ಹೇಳಿದರು.

"ಯಾಕೆ ಹೀಗಾಯ್ತು?" ಅಂತ ಕೇಳಿದೆ.

"ಗೊತ್ತಿಲ್ಲಮ್ಮ" ಅಂದರು. "ಈ ಸೂಜಿ ಹಾಕಿಸಿಕೊಂಡ ಎಷ್ಟೋ ಜನರಲ್ಲಿ ಎಲ್ಲೋ ಒಬ್ಬರಿಗೆ ಹೀಗಾಗುತ್ತೆ ಅಂತ ಓದಿದ್ದೇನೆ. ಯಾಕೆ ಅಂತ ಸರಿಯಾಗಿ ತಿಳಿದವರು ಯಾರೂ ಇಲ್ಲ. ಬೆನ್ನುಹುರಿ ಊದಿದೆ. ಎಷ್ಟೋ ಜನ ಮತ್ತೆ ಎದ್ದು ನಡೆದಿದ್ದಾರೆ. ನಿಮ್ಮ ತಪ್ಪು ಇದರಲ್ಲಿ ಏನೂ ಇಲ್ಲ."

ಗೊತ್ತಿಲ್ಲ ಅಂದ ಒಬ್ಬರೇ ಒಬ್ಬರು ಅವರು. ಉಳಿದ ಎಲ್ಲರಿಗೂ ಕಾರಣ ಚೆನ್ನಾಗಿ ಗೊತ್ತಿತ್ತು. "ಗೊತ್ತಾದ ದಿನ ನನಗೆ ತಿಳಿಸಿ" ಅಂದೆ. ಅವರು ನಗಲಿಲ್ಲ. ಜೇಬಿನ ಪುಸ್ತಕ ತೆಗೆದು ಕೊಡಿಗೇನಹಳ್ಳಿಯಲ್ಲಿದ್ದ ನಮ್ಮಪ್ಪನ ವಿಳಾಸ ಬರೆದುಕೊಂಡರು.

ಮಾತು ಉಳಿಸಿಕೊಂಡರು ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಸುಮಾರು ಇಪ್ಪತ್ತೈದು ವರ್ಷ ಕಳೆದ ಮೇಲೆ, ಅವರು ಕೆಲಸದಿಂದ ನಿವೃತ್ತರಾಗುವ ಹೊತ್ತಿಗೆ, ನಮ್ಮಪ್ಪನ ಹೆಸರಿಗೆ ಒಂದು ಕಾಗದ ಬಂತು. ನಾಲ್ಕು ಪುಟ, ನನ್ನಂಥವಳಿಗೆ ಅರ್ಥವಾಗಲಿ ಅಂತಲೇ ನಿಧಾನವಾಗಿ ಬರೆದದ್ದು. ನಮ್ಮ ರಕ್ತದಲ್ಲಿ ಬಿಳಿಯ ಕಣಗಳಿರುತ್ತವೆ, ಹೊರಗಿನಿಂದ ಒಳನುಗ್ಗಿದ್ದನ್ನು ಗುರುತಿಟ್ಟುಕೊಂಡು ಹೊಡೆಯುವುದು ಅವುಗಳ ಕೆಲಸ ಅಂತ ಬರೆದಿದ್ದರು. ಆ ಮದ್ದಿನಲ್ಲಿ ಸತ್ತ ವಿಷದ ಜೊತೆಗೆ ಕುರಿಯ ನರಗಳ ಮೇಲಿನ ಹೊದಿಕೆಯೂ ಇತ್ತು, ಬೆಣ್ಣೆಯಂಥ ತೆಳು ಹೊದಿಕೆ. ದಿನದಿನವೂ ಅದನ್ನೇ ಕಂಡ ಕಣಗಳು ಅದನ್ನೂ ಶತ್ರು ಅಂತ ಕಲಿತುಬಿಟ್ಟವು. ಆಮೇಲೆ ನನ್ನ ಬೆನ್ನುಹುರಿಯೊಳಗೆ ಹೊಕ್ಕು ನೋಡಿದರೆ ಅಲ್ಲಿಯೂ ಅಂಥದೇ ಹೊದಿಕೆ. ಕುರಿಯದಕ್ಕೂ ಮನುಷ್ಯರದಕ್ಕೂ ಅವು ಗುರುತಿಸುವಂಥ ವ್ಯತ್ಯಾಸ ಇರಲಿಲ್ಲ. ಅವು ಮುತ್ತಿಕೊಂಡು ಊತ ತಂದವು, ಹೊದಿಕೆಯನ್ನು ಸುಲಿದು ಹಾಕಿದವು. ಹೊದಿಕೆ ಹೋದ ನರದಲ್ಲಿ ಮೆದುಳಿನ ಮಾತು ಕಾಲಿಗೆ ಇಳಿಯುವುದಿಲ್ಲ, ಕಾಲಿನ ಮಾತು ಮೇಲಕ್ಕೆ ಹೋಗುವುದಿಲ್ಲ. ಊತ ಇಳಿದ ಮೇಲೆ ಹೊದಿಕೆ ಸ್ವಲ್ಪ ಸ್ವಲ್ಪವಾಗಿ ಮತ್ತೆ ಬೆಳೆಯುತ್ತದೆ. ಆದರೆ ಆ ಗಲಾಟೆಯಲ್ಲಿ ಒಳಗಿನ ನರದ ಎಳೆಯೇ ಕಡಿದುಹೋಗಿದ್ದರೆ ಅದು ಮತ್ತೆ ಬರುವುದಿಲ್ಲ.

ಆ ಕಾಗದ ಓದಿ ನಾನು ನಕ್ಕೆ, ಆಮೇಲೆ ಸಿಟ್ಟು ಬಂತು. ನನ್ನ ಅತ್ತೆ ಹೇಳಿದ್ದೂ ಅದನ್ನೇ ತಾನೆ, ಕುರಿ ಒಳಗೆ ಹೋದದ್ದಕ್ಕೇ ಕಾಲು ಹೋಯಿತು ಅಂತ. ಕುರಿಯ ಮಟ್ಟಿಗೆ ಅವರ ಮಾತು ನಿಜವಾಯಿತಲ್ಲ ಅಂತ ಹೊಟ್ಟೆ ಉರಿಯಿತು. ಆದರೆ ಆ ಕಣಗಳು ನನ್ನ ಮಡಿ ಮೈಲಿಗೆ ನೋಡಿ ಬರಲಿಲ್ಲ. ನಾನು ಯಾವ ಮನೆತನದವಳು, ಕೊರಳಲ್ಲಿ ಏನು ಕಟ್ಟಿದ್ದೇನೆ ಅಂತ ಕೇಳಲಿಲ್ಲ. ನರದೊಳಗೆ ಕುರಿಯೂ ನಾನೂ ಒಂದೇ ಅಂದವು, ಅಷ್ಟೆ. ಆ ಪುಟವನ್ನು ಅತ್ತೆಗೆ ಓದಿ ಹೇಳಬೇಕು ಅಂತ ಬಹಳ ಆಸೆಯಾಯಿತು. ಅವರು ಆಗಲೇ ತೀರಿಹೋಗಿದ್ದರು.

ಶಿರಾಕ್ಕೆ ಮರಳುತ್ತೇನೆ. ಮೂರು ವಾರ ಆಸ್ಪತ್ರೆಯಲ್ಲಿ ಮಲಗಿದ್ದೆ. ಉಚ್ಚೆಗೆ ರಬ್ಬರಿನ ನಳಿಗೆ ಹಾಕಿದ್ದರು. ಯಜಮಾನರು ನಮ್ಮಪ್ಪನಿಗೆ ಹೇಳಿ ಕಳಿಸಿ, ಅಪ್ಪ ಬಂದ ದಿನವೇ ಊರಿಗೆ ಹೋದರು. ಮತ್ತೆ ಬರಲಿಲ್ಲ. ಅವರ ಬದಲು ಸುದ್ದಿ ಬಂತು. ಮನೆಗೆ ಬಂದುಹೋಗುವ ಜಂಗಮರು, ನಮ್ಮ ಅಯ್ಯನವರು, ವಿಚಾರ ಕೇಳಿ, ಲಿಂಗ ಕಟ್ಟಿದವಳು ತಿಳಿದೂ ತಿಳಿದೂ ಪ್ರಾಣಿಯ ಮೆದುಳನ್ನು ಮೈಗೆ ಸೇರಿಸಿಕೊಂಡಳು, ಶಿವನೇ ಕಾಲು ಕಿತ್ತುಕೊಂಡ ಅಂದರಂತೆ. ಶಿವನಿಗೆ ಬೇರೆ ಕೆಲಸವಿರಲಿಲ್ಲ ನೋಡಿ. ಗಂಡ ಏನಂದ ಅಂತ ಯಾರೋ ಕೇಳಿದ್ದಕ್ಕೆ ಅತ್ತೆ, "ಅವುನು ನಿನ್ನಿಷ್ಟ ಅಂದ. ಇವ್ಳೇ ಇಷ್ಟಪಟ್ಟು ಹಾಕುಸ್ಕಂಡ್ಲು" ಅಂದರಂತೆ. ಹಲ್ಲಿ ನೋಡಿಕೊಂಡು ಆಡಿದ ಒಂದು ಮಾತಿಗೆ ಎಷ್ಟು ಬೆಲೆ ಬಂತು ಅಂತ ಆಗ ತಿಳಿಯಿತು.

ಅಪ್ಪ ಗಾಡಿಗೆ ಹುಲ್ಲು ಹಾಸಿ, ಮೇಲೆ ಕಂಬಳಿ ಹೊದಿಸಿ, ನನ್ನನ್ನು ಮಲಗಿಸಿಕೊಂಡು ಮಧುಗಿರಿ ದಾರಿಯಾಗಿ ಕೊಡಿಗೇನಹಳ್ಳಿಗೆ ತಂದರು. ಮೊದಲು ಮಗುವನ್ನು ಕರೆದುಕೊಂಡು ಬನ್ನಿ ಅಂತ ಅಪ್ಪನನ್ನು ಅಟ್ಟಿದೆ. ಅವರು ಬರಿಗೈಯಲ್ಲಿ ಬಂದರು. ಹಾಸಿಗೆ ಹಿಡಿದವಳು ಮಗುವನ್ನು ಏನು ಸಾಕುತ್ತಾಳೆ ಅಂದರಂತೆ. "ಎದ್ದು ನಡ್ಕೊಂಡು ಬಂದ್ರೆ ಆಗ ನೋಡೋಣ" ಅಂತ ಮೈದುನ ನಕ್ಕನಂತೆ. ಸರಿ, ಹಾಗೇ ಆಗಲಿ ಅಂದುಕೊಂಡೆ.

ಮುಂದಿನ ತಿಂಗಳುಗಳಲ್ಲಿ ನನಗೆ ಬೇರೆ ಯಾವ ಯೋಚನೆಯೂ ಇರಲಿಲ್ಲ. ಅಮ್ಮ ಬೆಳಿಗ್ಗೆ ಸಂಜೆ ಹರಳೆಣ್ಣೆ ತಿಕ್ಕಿ ಕಾಲು ಮಡಿಸಿ ಬಿಡಿಸಿ ಮಾಡುತ್ತಿದ್ದಳು. ಡಾಕ್ಟರು ಹಾಗೆ ಮಾಡಲು ಹೇಳಿ ಕಳಿಸಿದ್ದರು. ನಾನು ಹೆಬ್ಬೆರಳನ್ನೇ ನೋಡುತ್ತಾ, ಅಲ್ಲಾಡು, ಅಲ್ಲಾಡು ಅಂತ ಬೈಯುತ್ತಿದ್ದೆ. ಎರಡನೆಯ ತಿಂಗಳು ಬಲಗಾಲಿನ ಹೆಬ್ಬೆರಳು ಅಲ್ಲಾಡಿತು. ಅಮ್ಮ ನಂಬಲಿಲ್ಲ, ಮತ್ತೆ ಮಾಡಿ ತೋರಿಸು ಅಂದಳು. ಮಾಡಿದೆ. ಐದನೆಯ ತಿಂಗಳು ಗೋಡೆ ಹಿಡಿದು ನಿಂತೆ. ಬಲಗಾಲು ಬೇಗ ಚೇತರಿಸಿಕೊಂಡಿತು. ಎಡಗಾಲು ಎಳೆದುಕೊಂಡು ಬರುತ್ತಿತ್ತು. ಸೊಂಟದ ಬಲ ಬಂದರೂ ಎರಡೂ ಪಾದಗಳಿಗೆ ಸ್ಪರ್ಶ ಮಾತ್ರ ಬರಲಿಲ್ಲ. ಬಿಸಿಯೂ ಗೊತ್ತಿಲ್ಲ, ಮುಳ್ಳೂ ಗೊತ್ತಿಲ್ಲ. ನೆಲ ನೋಡಿಕೊಂಡೇ ನಡೆಯಬೇಕು, ಇಲ್ಲದಿದ್ದರೆ ಕಾಲು ಎಲ್ಲಿದೆ ಅಂತಲೇ ತಿಳಿಯದು.

ನೋಡಲು ಬಂದವರು ಒಂದೊಂದು ಮಾತು ಹೇಳಿ ಹೋಗುತ್ತಿದ್ದರು. ನಿನ್ನ ಗಂಡನಿಗೆ ಪಾವಗಡದ ಕಡೆ ಹೆಣ್ಣು ನೋಡುತ್ತಿದ್ದಾರಂತೆ. ನಿನ್ನ ಮಗಳು ಈಗ ಮಾತಾಡುತ್ತಾಳಂತೆ. ಮೊದಲನೆಯ ಸುದ್ದಿಗೆ ನಾನು ಒಂದು ಹನಿ ಕಣ್ಣೀರು ಹಾಕಲಿಲ್ಲ. ಎರಡನೆಯದಕ್ಕೆ ಅತ್ತುಬಿಟ್ಟೆ. ಆ ಮಗು ಮೊದಲ ಮಾತು ಯಾರಿಗೆ ಆಡಿತೋ ಅಂತ.

ಒಂಬತ್ತನೆಯ ತಿಂಗಳು ಮೈದುನ ಅಯ್ಯನವರನ್ನು ಕರೆದುಕೊಂಡು ನಮ್ಮ ಮನೆಗೆ ಬಂದ. ನಾನು ಕೋಲು ಹಿಡಿದು ನಿಂತದ್ದು ನೋಡಿ ಅವನ ಮುಖ ಸಣ್ಣದಾಯಿತು. ಅಯ್ಯನವರು ನಿಧಾನವಾಗಿ ಷರತ್ತು ಹೇಳಿದರು. ನಾಲ್ಕು ಜನ ಹಿರಿಯರ ಮುಂದೆ ನಾನು ತಪ್ಪಾಯಿತು ಅನ್ನಬೇಕು. ಮದ್ದಿನಲ್ಲಿ ಏನಿದೆ ಅಂತ ಮನೆಯವರಿಗೆ ಹೇಳದೆ ಹಾಕಿಸಿಕೊಂಡೆ, ಅದರ ಫಲ ಉಂಡೆ ಅಂತ ಒಪ್ಪಬೇಕು. ಆಮೇಲೆ ಹೊಸದಾಗಿ ದೀಕ್ಷೆ ಕೊಟ್ಟು ಮನೆಗೆ ಸೇರಿಸಿಕೊಳ್ಳುತ್ತಾರೆ.

"ಒಂದ್ ಮಾತು ಅಂದ್ಬುಡು ಮಗಳೇ" ಅಂದರು ಅಪ್ಪ, ಮೆಲ್ಲಗೆ. "ಮಗೀನ ಮುಖ ನೋಡ್ಬೌದು."

ಅಪ್ಪನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಒಂದು ಕ್ಷಣ ನನ್ನ ನಾಲಿಗೆಯ ತುದಿಗೂ ಆ ಮಾತು ಬಂದಿತ್ತು. ಮಗಳಿಗಾಗಿ ಏನು ಬೇಕಾದರೂ ಹೇಳಬಹುದು. ಆದರೆ ಒಮ್ಮೆ ಹೇಳಿಬಿಟ್ಟರೆ ಅದೇ ಮನೆಯಲ್ಲಿ, ಅದೇ ಮಗಳ ಮುಂದೆ, ಬದುಕಿರುವ ತನಕ ನಾನು ತಪ್ಪು ಮಾಡಿದವಳು. ನಾಳೆ ಅವಳಿಗೊಂದು ನಾಯಿ ಕಚ್ಚಿದರೆ ಯಾವ ಮುಖ ಇಟ್ಟುಕೊಂಡು ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲಿ?

"ಮದ್ದಲ್ಲಿ ಏನೈತೆ ಅಂತ ಅತ್ತೆನೂ ನಾನೂ ಒಂದೇ ಸಲ ಕೇಳಿದ್ದು" ಅಂದೆ. "ತಿಳ್ಕೊಂಡೇ ಹಾಕುಸ್ಕೊಂಡೆ. ಬದುಕ್‌ಬೇಕು ಅಂತ ಹಾಕುಸ್ಕೊಂಡೆ. ತಪ್ಪು ಅನ್ನಾಕಿಲ್ಲ. ತಪ್ಪು ಒಪ್ಕೊಳೋರು ಬೇಕಾದ್ರೆ, ಆ ನಾಯಿನ ಕಟ್ಟಿ ಹಾಕ್ದೆ ಹೊಡ್ದವ್ರು ಇಲ್ಲೇ ಕುಂತವ್ರೆ."

ಮೈದುನ ಎದ್ದು ಹೊರಗೆ ಹೋದ. ಅಯ್ಯನವರು ಕಷಾಯವನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಮಾರನೆಯ ತಿಂಗಳು ಅಪ್ಪನನ್ನು ಜೊತೆಗೆ ಕರೆದುಕೊಂಡು ಬಸ್ಸು ಹತ್ತಿದೆ. ಬರಗೂರಿನಲ್ಲಿ ಇಳಿದು ಗಂಡನ ಮನೆಗೆ ಎರಡು ಮೈಲಿ. ಗಾಡಿ ಮಾಡೋಣ ಅಂದರು ಅಪ್ಪ. ಬೇಡ ಅಂದೆ. ನಡೆದುಕೊಂಡು ಬಂದರೆ ನೋಡೋಣ ಅಂದಿದ್ದರಲ್ಲ, ನೋಡಲಿ. ಕೋಲೂರಿಕೊಂಡು, ನೆಲ ನೋಡಿಕೊಂಡು, ಅಲ್ಲಲ್ಲಿ ಕೂತು ನಡೆದೆ. ಊರ ಬಾಗಿಲಿಗೆ ಬಂದಾಗ ಅಪ್ಪ ಹೇಳಿದರು, ಎಡಗಾಲಿನ ಚಪ್ಪಲಿ ಇಲ್ಲ ಅಂತ. ಎಲ್ಲೋ ಕಳಚಿ ಬಿದ್ದಿತ್ತು. ಹಿಮ್ಮಡಿಯಲ್ಲಿ ರಕ್ತ. ಹಿಂದಕ್ಕೆ ಹೋಗಿ ಹುಡುಕುವಷ್ಟು ತಾಳ್ಮೆ ನನಗಿರಲಿಲ್ಲ.

ಅತ್ತೆ ಜಗಲಿಯ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು. ಪಕ್ಕದಲ್ಲಿ ನನ್ನ ಮಗಳು, ಎತ್ತರವಾಗಿದ್ದಳು, ತಲೆಗೆ ಎಣ್ಣೆ ಹಚ್ಚಿ ಜುಟ್ಟು ಕಟ್ಟಿದ್ದರು. ಬೀಜಗಳನ್ನು ಒಂದೊಂದಾಗಿ ಮೊರಕ್ಕೆ ಹಾಕುತ್ತಿದ್ದಳು. ನಾನು ಹೆಸರು ಹಿಡಿದು ಕರೆದೆ. ತಲೆಯೆತ್ತಿ ನೋಡಿದಳು. ನಾನು ಕೈ ಚಾಚಿದೆ. ಅವಳು ಅಜ್ಜಿಯ ಬೆನ್ನ ಹಿಂದೆ ಸರಿದು, ಅಂಟು ಮೆತ್ತಿದ ಕೈಯನ್ನು ಮುಚ್ಚಿಕೊಂಡು ಹೇಳಿದಳು, "ಮುಟ್ಬ್ಯಾಡ. ಮೈಲ್ಗೆ."

ನನ್ನ ಮಗಳ ಬಾಯಿಂದ ನಾನು ಕೇಳಿದ ಮೊದಲ ಮಾತು ಅದು.

ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ ಕುಸಿದು ಕೂತು, ಎರಡೂ ಕಾಲು ಮುಂದಕ್ಕೆ ಚಾಚಿದೆ. "ಇದನ್ನ ಕಲ್ಸಿದ್ಯಾರು?" ಅಂತ ಅತ್ತೆಯನ್ನು ಕೇಳಿದೆ.

"ಮಗು ಕಂಡದ್ನ ಅಂತೈತೆ" ಅಂದರು ಅತ್ತೆ, ಕೈಯ ಕೆಲಸ ನಿಲ್ಲಿಸದೆ.

ಆಮೇಲೆ ನಾನು ಬಾಯಿಬಿಟ್ಟೆ. ಹತ್ತು ತಿಂಗಳಿನದೆಲ್ಲ ಬಂತು. ಬಣವೆಯ ಮರಿಗಳಿಂದ ಹಿಡಿದು, ಬಚ್ಚಲಿಗೆ ಚೆಲ್ಲಿದ ಹಾಲಿನ ತನಕ. ಬೀದಿಯವರು ಸೇರಿದರು. ಯಜಮಾನರು ಬಾಗಿಲಿಗೆ ಬಂದು ನಿಂತರು. ತಪ್ಪು ಒಪ್ಪಲು ಬಂದಿಲ್ಲ, ನಿಮ್ಮ ಮನೆಯಲ್ಲಿ ಬಾಳಲೂ ಬಂದಿಲ್ಲ, ನನ್ನ ಮಗಳನ್ನು ಕರೆದುಕೊಂಡು ಹೋಗಲು ಬಂದಿದ್ದೇನೆ, ಅವಳು ಬರುವ ತನಕ ಈ ಮೆಟ್ಟಿಲು ಬಿಟ್ಟು ಏಳುವುದಿಲ್ಲ ಅಂದೆ. ಅತ್ತೆಯೂ ಸುಮ್ಮನಿರಲಿಲ್ಲ. ಅವರ ಮುಖವನ್ನೇ ನೋಡುತ್ತಾ ನಾನು ಕೂಗುತ್ತಿದ್ದೆ, ಅವರೂ ಕೂಗುತ್ತಿದ್ದರು. ಎಷ್ಟು ಹೊತ್ತು ಹೀಗೆ ನಡೆಯಿತೋ, ಯಜಮಾನರು ಬಾಗಿಲಿಂದಲೇ, "ಕರ್ಕೊಂಡೋಗ್ಲಿ ಬುಡವ್ವ" ಅಂದರು. ಅತ್ತೆ ಮೊರ ಎತ್ತಿಕೊಂಡು ಒಳಗೆ ನಡೆದರು.

ಆಗ ನಮ್ಮಪ್ಪ ನನ್ನ ಹೆಗಲು ಮುಟ್ಟಿದರು. "ಮಗಳೇ, ಕೆಳಿಕ್ ನೋಡು."

ನೋಡಿದೆ. ನನ್ನ ಮಗಳು ಯಾವಾಗಲೋ ಜಗಲಿ ಇಳಿದು ಬಂದು ನನ್ನ ಕಾಲ ಬಳಿ ಕುಕ್ಕರಗಾಲಲ್ಲಿ ಕೂತಿದ್ದಳು. ಎಡಗಾಲಿನ ಹಿಮ್ಮಡಿಯ ರಕ್ತವನ್ನು ತನ್ನ ಲಂಗದ ಅಂಚಿನಿಂದ ಒರೆಸುತ್ತಿದ್ದಳು. ಇನ್ನೊಂದು ಕೈಯಲ್ಲಿ ನನ್ನ ಕಾಲಿನ ಹೆಬ್ಬೆರಳನ್ನು ಮುಷ್ಟಿ ಕಟ್ಟಿ ಹಿಡಿದಿದ್ದಳು. ಹುಣಸೆಯ ಅಂಟು ನನ್ನ ಬೆರಳಿಗೆಲ್ಲ ಮೆತ್ತಿತ್ತು.

"ಆಗ್ಲಿಂದ ಹಿಡ್ಕಂಡೈತೆ" ಅಂದರು ಅಪ್ಪ. "ನೀನು ಕೂಗಾಡ್ತಿದ್ದಾಗ್ಲಿಂದ."

ಅವಳು ಆ ದಿನವೇ ನಮ್ಮಪ್ಪನ ಹೆಗಲೇರಿ ನಮ್ಮ ಜೊತೆ ಬಂದಳು, ನನ್ನ ಹತ್ತಿರವೇ ಬೆಳೆದಳು. ಅತ್ತೆಯ ಮೇಲಿನ ಸಿಟ್ಟು ಅವರು ತೀರಿಹೋದ ಮೇಲೆ ಇಳಿಯಿತು. ಯಜಮಾನರ ಮೇಲಿನದು ಎಷ್ಟೋ ಇಳಿದಿದೆ. ಆದರೆ ಹತ್ತು ತಿಂಗಳ ಮೇಲೆ ನನ್ನ ಮಗಳು ತಾನಾಗಿ ಬಂದು ನನ್ನನ್ನು ಹಿಡಿದುಕೊಂಡಿದ್ದಳು, ಅಷ್ಟು ಹೊತ್ತು ಹಿಡಿದುಕೊಂಡಿದ್ದಳು, ನನಗೆ ಗೊತ್ತೇ ಆಗಿರಲಿಲ್ಲ. ಅದಕ್ಕೆ ನಾನು ಇವತ್ತಿಗೂ ಯಾರನ್ನೂ ಕ್ಷಮಿಸಿಲ್ಲ.